ಕಾಲು, ಅಡಿ, ಪಾದ: ಪಾದರೋಗಗಳ ಕನ್ನಡ ಪದಗಳ ಚರಿತ್ರೆ

ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಆಸ್ಪತ್ರೆ ಫಲಕಗಳಲ್ಲಿ ಈಗ ‘ಡಯಾಬಿಟಿಕ್ ಫುಟ್ ಕ್ಲಿನಿಕ್’, ‘ಪೊಡಿಯಾಟ್ರಿ’ ಎಂಬ ಮಾತುಗಳು ಕನ್ನಡ ಲಿಪಿಯಲ್ಲಿ ಕಾಣಿಸುತ್ತವೆ. ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ಕಾಯ್ದೆ ತಿದ್ದುಪಡಿಯಿಂದ ಲಿಪಿಯ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಯಿತು. ಪದದ ಪ್ರಶ್ನೆ ಹಾಗೆಯೇ ಉಳಿದಿದೆ. ಪಾದದ ಅಂಗಗಳಿಗೂ ರೋಗಗಳಿಗೂ ಕನ್ನಡದಲ್ಲಿ ಬೆಳೆದುಬಂದಿರುವ ಪದಗಳ ಚರಿತ್ರೆಯನ್ನು ಪರಿಶೀಲಿಸಿ, ಅದು ಇಂದಿನ ಚಿಕಿತ್ಸಾಲಯದ ಮಾತಿಗೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ಚರ್ಚಿಸುತ್ತೇವೆ.

1. ಮೂರು ಪದಗಳ ಹಂಚಿಕೆ

‘ಅಡಿ’ ಮತ್ತು ‘ಕಾಲು’ ದ್ರಾವಿಡ ಮೂಲದವು, ‘ಪಾದ’ ಸಂಸ್ಕೃತದ್ದು. ಹಳಗನ್ನಡದಲ್ಲಿ ಪಾದಕ್ಕೆ ‘ಅಡಿ’ ಸಹಜವಾದ ಪದವಾಗಿತ್ತು. ‘ಅಡಿಗೆರಗು’ ಎಂಬ ಪ್ರಯೋಗದಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಕಾಲಕ್ರಮೇಣ ‘ಅಡಿ’ಯು ‘ಕೆಳಗೆ’ ಎಂಬ ಅರ್ಥಕ್ಕೂ ಉದ್ದದ ಅಳತೆಗೂ ಸರಿಯಿತು. ‘ಪಾದ’ವು ಪೂಜ್ಯಭಾವವನ್ನು ಹೊತ್ತು ಪಾದಪೂಜೆ, ಪಾದತೀರ್ಥಗಳಲ್ಲಿ ನೆಲೆಸಿತು. ತೆರವಾದ ಸ್ಥಾನವನ್ನು ತುಂಬಿದ್ದು ‘ಕಾಲು’. ‘ಕಾಲು ತೊಳೆ’ ಎಂಬಲ್ಲಿ ಅದು ಪಾದ. ‘ಕಾಲು ಮುರಿಯಿತು’ ಎಂಬಲ್ಲಿ ಸೊಂಟದ ಕೆಳಗಿನ ಇಡೀ ಅಂಗ. ‘ಕಾಲು’, ‘ಪಾದ’ ಎರಡಕ್ಕೂ ನಾಲ್ಕನೆಯ ಒಂದು ಭಾಗ ಎಂಬ ಅರ್ಥವಿರುವುದು ಈ ಎರಡು ಭಾಷಾಕುಲಗಳ ಸಮಾನಾಂತರ ಚಲನೆಗೆ ಒಳ್ಳೆಯ ನಿದರ್ಶನ.

ಪಾದದ ಉಪಾಂಗಗಳ ಹೆಸರುಗಳಾದರೋ ನಿಖರವಾಗಿವೆ. ‘ಅಂಗಾಲು’ ಎಂಬುದರ ಪೂರ್ವಪದವು ‘ಒಳಗು’ ಎಂಬರ್ಥದ ‘ಅಗಂ’. ‘ಅಂಗೈ’ಯಲ್ಲಿಯೂ ಅದೇ ಇದೆ. ‘ಹಿಮ್ಮಡಿ’ಯನ್ನು ‘ಹಿಂದಿನ ಅಡಿ’ ಎಂದು ಬಿಡಿಸುವುದು ಸುಲಭವಾಗಿ ತೋರಿದರೂ ಸರಿಯಲ್ಲ. ‘ಹಿನ್’ ಮತ್ತು ‘ಅಡಿ’ ಸೇರಿದರೆ ‘ಹಿನ್ನಡಿ’ ಆಗಬೇಕಿತ್ತು. ಕನ್ನಡದ ‘ಮಡ’, ತೆಲುಗಿನ ‘ಮಡಮ’ ಎರಡೂ ಹಿಮ್ಮಡಿಯನ್ನೇ ಸೂಚಿಸುವುದರಿಂದ ‘ಹಿನ್’ ಮತ್ತು ‘ಮಡ’ ಸೇರಿ ‘ಹಿಮ್ಮಡ’ ಎಂಬ ರೂಪ ಸಿದ್ಧಿಸಿತೆನ್ನಬೇಕು. ಕಾಲಿನ ಗಿಣ್ಣನ್ನು ಹೇಳುವ ‘ಹರಡು’ ತಮಿಳಿನ ‘ಪರಡು’ವಿನ ಜ್ಞಾತಿಪದ, ‘ಪುಣ್’ ಎಂಬುದು ‘ಹುಣ್ಣು’ ಆದಂತೆ ಇಲ್ಲಿಯೂ ಪಕಾರವು ಹಕಾರವಾಗಿದೆ.

2. ರೋಗನಾಮಗಳು

ಸುಶ್ರುತಸಂಹಿತೆಯ ನಿದಾನಸ್ಥಾನವು ಕ್ಷುದ್ರರೋಗಗಳ ಪ್ರಕರಣದಲ್ಲಿ ಪಾದದಾರಿ, ಕದರ, ಅಲಸ ಎಂಬ ಮೂರನ್ನು ಹೇಳುತ್ತದೆ. ಮೊದಲನೆಯದು ಅಂಗಾಲಿನ ಬಿರುಕು. ಎರಡನೆಯದು ಕಲ್ಲುಮುಳ್ಳುಗಳು ಒತ್ತಿ ಆಗುವ ಗಂಟು. ಮೂರನೆಯದು ಕೆಸರಿನಿಂದ ಬೆರಳ ಸಂದಿನಲ್ಲಿ ಉಂಟಾಗುವ ತುರಿಕೆಯ ಹುಣ್ಣು. ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದ ಕಾಲದಿಂದ ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆಯಿದೆ. ಆದರೂ ಈ ಮೂರು ಶಾಸ್ತ್ರನಾಮಗಳು ಜನರ ಮಾತಿಗೆ ಇಳಿಯಲಿಲ್ಲ. ಜನರು ಹಿಮ್ಮಡಿ ಒಡಕು ಎಂದರು, ಆಣಿ ಎಂದರು.

‘ಆಣಿ’ ಎಂದರೆ ಮೊಳೆ, ಕೀಲು. ಚರ್ಮದೊಳಕ್ಕೆ ಮೊನೆಯಾಗಿ ಇಳಿದು, ಹೆಜ್ಜೆಯಿಟ್ಟಾಗ ಚುಚ್ಚುವ ಗಂಟಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ಲ್ಯಾಟಿನ್ ವೈದ್ಯಭಾಷೆಯ ‘ಕ್ಲಾವಸ್’ ಪದಕ್ಕೂ ಮೊಳೆ ಎಂದೇ ಅರ್ಥ. ಇಂಗ್ಲಿಷಿನ ‘ಕಾರ್ನ್’ ಮಾತ್ರ ಕೊಂಬು ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ‘ಆನೆಕಾಲು’ ಇನ್ನಷ್ಟು ಬೋಧಪ್ರದ. ಗ್ರೀಕರ ‘ಎಲಿಫೆಂಟಿಯಾಸಿಸ್’ ಮೊದಲು ಕುಷ್ಠವನ್ನು ಸೂಚಿಸುತ್ತಿತ್ತು. ಅರಬ್ಬಿಯ ‘ದಾಉಲ್ ಫೀಲ್’, ಅಂದರೆ ಆನೆರೋಗ, ಕಾಲುಬಾವನ್ನು ಸೂಚಿಸುತ್ತಿತ್ತು. ಅನುವಾದಗಳಲ್ಲಿ ಇವೆರಡೂ ಬೆರೆತು ಯುರೋಪಿನ ವೈದ್ಯರಲ್ಲಿ ದೀರ್ಘಕಾಲ ಗೊಂದಲವಿತ್ತು. ಅಂಗವನ್ನೇ ಹೆಸರಿನಲ್ಲಿ ಹೇಳಿದ ಕನ್ನಡಕ್ಕೆ ಆ ತೊಡಕಿರಲಿಲ್ಲ. ರೋಗದೊಡನೆ ಪದವೂ ಮರೆಗೆ ಸರಿಯುವುದುಂಟು: ಬಹುಮಟ್ಟಿಗೆ ಕಾಲಿನಲ್ಲೇ ಹೊರಬೀಳುವ ಹುಳುವಿನ ‘ನಾರುಹುಣ್ಣು’ ಕರ್ನಾಟಕದಲ್ಲಿಯೂ ಇತ್ತು. ಭಾರತದಲ್ಲಿ ಅದರ ಕೊನೆಯ ಪ್ರಕರಣ 1996ರದು; ಹೊಸ ತಲೆಮಾರಿಗೆ ಆ ಪದ ಅಪರಿಚಿತ.

3. ಹೆಬ್ಬಾಳದ ಎರಡು ಮಾದರಿಗಳು

1925ರಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಪ್ರಾಣಿಆರೋಗ್ಯ ಸಂಸ್ಥೆ, 1958ರ ಪಶುವೈದ್ಯಕೀಯ ಕಾಲೇಜು ಎರಡೂ ಹೆಬ್ಬಾಳದಲ್ಲಿವೆ. ಪಶುವೈದ್ಯರಿಗೂ ರೈತರಿಗೂ ನಡುವೆ ನೆಲೆನಿಂತ ಪದ ‘ಕಾಲುಬಾಯಿ ರೋಗ’. ಇಲ್ಲಿ ‘ಕಾಲು’ ಯಾರನ್ನೂ ದಾರಿತಪ್ಪಿಸದು. ಹುಣ್ಣಾಗುವ ಭಾಗಕ್ಕೆ ‘ಗೊರಸು’ ಎಂಬ ಪ್ರತ್ಯೇಕ ಪದವಿದೆ.

ಮನುಷ್ಯರ ಪಾದಚಿಕಿತ್ಸೆಯಲ್ಲಿ ಹೀಗಾಗಲಿಲ್ಲ. ಇಂಗ್ಲಿಷಿನಲ್ಲಿ ಹುಟ್ಟಿದ ‘ಕೈರೊಪೊಡಿ’ಯನ್ನು 20ನೆಯ ಶತಮಾನದ ಅಮೆರಿಕದಲ್ಲಿ ‘ಪೊಡಿಯಾಟ್ರಿ’ ಹಿಂದೆ ಸರಿಸಿತು. ಅದರ ಗ್ರೀಕ್ ಪೂರ್ವಪದವು ಸಂಸ್ಕೃತದ ‘ಪಾದ’ದ ಸೋದರ. ಆದರೂ ‘ಪಾದಚಿಕಿತ್ಸೆ’ಗಿಂತ ‘ಪೊಡಿಯಾಟ್ರಿ’ಯೇ ಫಲಕವನ್ನೇರಿತು. ಫಲಕದ ಪದ ಎರವಲಾಗಿರುವುದು ದೊಡ್ಡ ಹಾನಿಯಲ್ಲ. ಹಾನಿಯ ಸಂಭವವಿರುವುದು ವೈದ್ಯ–ರೋಗಿಗಳ ಸಂಭಾಷಣೆಯಲ್ಲಿ.

4. ಪದದ ಬೆಲೆ

‘ಕಾಲು ತೆಗೆಯಬೇಕಾಗಬಹುದು’ ಎಂಬ ವಾಕ್ಯವನ್ನು ಪರಿಶೀಲಿಸೋಣ. ವೈದ್ಯರ ಉದ್ದೇಶ ಒಂದು ಬೆರಳು, ಪಾದದ ಮುಂಭಾಗ, ಅಥವಾ ಮೊಣಕಾಲಿನ ಕೆಳಭಾಗ ಇರಬಹುದು. ಕೇಳುವವರಿಗೆ ಇಡೀ ಕಾಲೇ ಹೋದಂತೆ. ಉರ್ದುವಿನ ‘ಪಾಂವ್’, ‘ಟಾಂಗ್’ ಪದಗಳ ಭೇದ ಇಲ್ಲಿಲ್ಲ. ತೆಲುಗಿನ ‘ಕಾಲು’ವಿನಲ್ಲಿಯೂ ಇದೇ ಸಂದಿಗ್ಧತೆಯಿದೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಕುಟುಂಬಕ್ಕೆ ಇದು ಬರಿಯ ಅರ್ಥವಿಜ್ಞಾನದ ಪ್ರಶ್ನೆಯಲ್ಲ.

ಸಂವೇದನೆಯ ಪದಗಳಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಮಧುಮೇಹದಲ್ಲಿ ನರಗಳು ಕ್ಷೀಣಿಸಿದಾಗ ಹುಣ್ಣಾದರೂ ನೋವಾಗದಿರಬಹುದು. ಆದಕಾರಣ ‘ನೋವಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವು ಆರೋಗ್ಯದ ಲಕ್ಷಣವಾಗದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಪರೀಕ್ಷಿಸುವುದು ಇದಕ್ಕಾಗಿಯೇ. ಈ ಸ್ಥಿತಿಯನ್ನು ‘ಜೋಮು’ ಎಂದರೆ, ಕುಳಿತೆದ್ದಾಗ ಹಿಡಿದು ಬಿಡುವ ಜೋಮಿನಂತೆ ತಾನೇ ಹೋದೀತೆಂಬ ಭಾವನೆ ಬರುತ್ತದೆ. ‘ಮರಗಟ್ಟು’ ಹೆಚ್ಚು ಸರಿಯಾದ ಪದ. ಅದು ಸ್ಪರ್ಶವೇ ಇಲ್ಲವಾದುದನ್ನು ಹೇಳುತ್ತದೆ.

ಆದ್ದರಿಂದ ಹೊಸ ಪದಸೃಷ್ಟಿಗಿಂತ ಇರುವ ಪದಗಳ ಹೊಂದಾಣಿಕೆಯೇ ಮೊದಲ ಕೆಲಸವೆಂದು ನಾವು ಭಾವಿಸುತ್ತೇವೆ. ಕಾಲ್ಬೆರಳು, ಅಂಗಾಲು, ಹಿಮ್ಮಡಿ, ಹರಡು, ಮೊಣಕಾಲು ಎಂಬ ಸರಣಿಯು ‘ಕಾಲು’ ಬಿಟ್ಟ ತೆರವನ್ನು ಮೆಟ್ಟಿಲು ಮೆಟ್ಟಿಲಾಗಿ ತುಂಬುತ್ತದೆ. ಚಿಕಿತ್ಸಾಲಯದ ಕರಪತ್ರವೂ ಒಪ್ಪಿಗೆಪತ್ರವೂ ಈ ಸರಣಿಯನ್ನು ಬಳಸಿದರೆ, ರೋಗಿಯು ತನ್ನ ದೇಹದ ಯಾವ ಭಾಗದ ವಿಷಯವಾಗಿ ನಿರ್ಧರಿಸುತ್ತಿದ್ದಾನೆಂಬುದು ಅವನಿಗೆ ಸ್ಪಷ್ಟವಾಗುವುದು.