ಸಾಲ ತೀರಿಸುವಾಗ ಮನೆಮನೆಯಲ್ಲೂ ಆಗುವ ಐದು ತಪ್ಪುಗಳು

ಸೋಮವಾರ ಸಂಘದ ಕಂತು, ಐದನೇ ತಾರೀಖು ಬೈಕಿನ ಇಎಂಐ, ಇಪ್ಪತ್ತಕ್ಕೆ ಕ್ರೆಡಿಟ್ ಕಾರ್ಡ್ ಬಿಲ್. ಮೊದಲು ಯಾವುದಕ್ಕೆ ಕಟ್ಟೋದು? ಹೆಚ್ಚಿನ ಮನೆಗಳಲ್ಲಿ ಯಾರು ಜೋರಾಗಿ ಕೇಳ್ತಾರೋ ಅವರಿಗೆ. ಎಡವೋದು ಇಲ್ಲೇ.

1. ಮರ್ಯಾದೆಗೆ ಅಂಜಿ ಕಟ್ಟುವುದು

ಎಲ್ಲ ಸಾಲ, ಬಡ್ಡಿ, ಬಾಕಿ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲದರ ಕಂತು ತಪ್ಪದೆ ಕಟ್ಟಿ, ಮಿಕ್ಕ ಹಣವನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿ. 'ನೂರಕ್ಕೆ ಮೂರು' ಕೈಸಾಲ ಅಂದರೆ ವರ್ಷಕ್ಕೆ ಶೇ. 36 ಬಡ್ಡಿ.

2. 'ಮಿನಿಮಮ್ ಡ್ಯೂ' ಸಾಕು ಅಂದುಕೊಳ್ಳುವುದು

ಕಾರ್ಡಿನಲ್ಲಿ 40,000 ರೂ. ಬಾಕಿ, ತಿಂಗಳಿಗೆ ಶೇ. 3.5 ಬಡ್ಡಿ ಅಂತಿಟ್ಟುಕೊಳ್ಳಿ. ಬಡ್ಡಿ 1,400, ಅದರ ಮೇಲೆ ಜಿಎಸ್‌ಟಿ 252. ನೀವು ಶೇ. 5ರಂತೆ 2,000 ಕಟ್ಟಿದರೆ ಅಸಲಿಗೆ ಹೋಗೋದು ಬರೀ 348 ರೂಪಾಯಿ.

3. ಫ್ಲಾಟ್ ದರಕ್ಕೆ ಮರುಳಾಗುವುದು

ಒಂದು ಲಕ್ಷಕ್ಕೆ ಶೇ. 12 ಫ್ಲಾಟ್, ಎರಡು ವರ್ಷ. ಅಸಲು ತಿಂಗಳು ತಿಂಗಳು ಕರಗಿದರೂ ಬಡ್ಡಿ ಪೂರ್ತಿ ಲಕ್ಷದ ಮೇಲೇ ಬೀಳುತ್ತೆ. ನಿಜವಾದ ದರ ಶೇ. 21 ದಾಟುತ್ತದೆ.

4. ಸಾಲ ತೀರಿಸೋಕೆ ಸಾಲ

ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಈ ಲೆಕ್ಕ ನೋಡಬೇಕಾದದ್ದು ಸಾಲ ಕೊಡುವವರು. ಅವರು ನೋಡದಿದ್ದರೂ ನೀವು ನೋಡಿ: ಅರ್ಧ ದಾಟಿದ್ದರೆ ಹೊಸ ಸಾಲ ಬೇಡ, ಇರುವ ಸಾಲದ ಅವಧಿ ಹೆಚ್ಚಿಸಿಕೊಡಿ ಎಂದು ಲಿಖಿತವಾಗಿ ಕೇಳಿ. ಈ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

5. ಹೆದರಿ ಸುಮ್ಮನಿರುವುದು

ಅದೇ ನಿಯಮದ ಪ್ರಕಾರ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ನೆಂಟರು, ಸ್ನೇಹಿತರಿಗೆ ಕಿರುಕುಳ ಕೊಡುವಂತಿಲ್ಲ. ವಸೂಲಿ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಹಾಗಂತ ನೋಂದಾಯಿತ ಸಂಸ್ಥೆಗಳ ಸಾಲ ಮನ್ನಾ ಆಯ್ತು ಅಂತ ಕಂತು ನಿಲ್ಲಿಸಬೇಡಿ. ಬೆದರಿಕೆ ಬಂದರೆ ದಿನ, ಸಮಯ, ಫೋನ್ ನಂಬರ್ ಬರೆದಿಟ್ಟು ದೂರು ಕೊಡಿ.

ಈ ಹಾಳೆಯನ್ನು ಅಮ್ಮನ ಸಂಘದವರ ಜೊತೆ ಕೂತು ಓದಿ. ಅಲ್ಲಿ ಒಬ್ಬರ ಕಂತು ತಪ್ಪಿದರೆ ಉಳಿದವರೇ ಮನೆ ಬಾಗಿಲಿಗೆ ಹೋಗಬೇಕಾಗುತ್ತೆ.