'ಏಳು' ಧಾತುವಿನ ಅರ್ಥವ್ಯಾಪ್ತಿ ಮತ್ತು ನರಗುಂದದ ಇತಿಹಾಸ

ಇಂಗ್ಲಿಷಿನ 'ರೈಸ್' ಎಂಬ ಸಾಮಾನ್ಯ ಕ್ರಿಯಾಪದಕ್ಕೆ ಅರ್ಥಗಳು ಹಲವು. ಸೂರ್ಯ, ಬೆಲೆ, ನದಿಯ ನೀರು, ಹುದ್ದೆ ಎಲ್ಲವೂ ಆ ಒಂದೇ ಕ್ರಿಯೆಗೆ ಕರ್ತೃಗಳಾಗುತ್ತವೆ. ಅರಸನ ವಿರುದ್ಧ ಜನ ಎದ್ದರೂ ಅದೇ ಪದ. ಕನ್ನಡದಲ್ಲಿ ಇದಕ್ಕೆ ಸಮೀಪವಾದುದು 'ಏಳು'. ಹಳಗನ್ನಡದಲ್ಲಿ ಇದು 'ಏೞ್'. ೞಕಾರದ ಉಚ್ಚಾರಣೆ ಮರೆಯಾದ ಕಾಲದಲ್ಲಿ ಅದರ ಭೇದವನ್ನು ವಿವರಿಸಿ ಉಳಿಸಿಕೊಟ್ಟವನು ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ.

ಈ ಧಾತುವಿನ ಮೂಲಾರ್ಥ ಮಲಗಿದ್ದುದು ಅಥವಾ ಕುಳಿತದ್ದು ಮೇಲಕ್ಕೆ ಬರುವುದು. ಅಲ್ಲಿಂದ ಲಕ್ಷಣಾರ್ಥಗಳು ಕವಲೊಡೆಯುತ್ತವೆ. ನಿದ್ದೆಯಿಂದ ಏಳುವುದು ಎಚ್ಚರ. ಹಾಸಿಗೆ ಹಿಡಿದವನು ಏಳುವುದು ಆರೋಗ್ಯ. ಗಾಳಿ, ಧೂಳು, ಪ್ರಶ್ನೆ, ಗೋಡೆ, ಮೈಮೇಲಿನ ಗುಳ್ಳೆ ಎಲ್ಲವೂ ಏಳುತ್ತವೆ. ಎದ್ದು ಕಾಣುವುದು ವಿಶಿಷ್ಟವಾದುದು. ರೊಚ್ಚಿಗೇಳುವುದು ಕೋಪದ ಪರಾಕಾಷ್ಠೆ. 'ಏಳ್ಗೆ' ಎಂಬ ನಾಮಪದವೂ ಇದರದೇ ಕುಡಿ. 'ದಂಗೆ ಏಳು' ಈ ಬಳಗದಲ್ಲಿಯೇ ಸೇರಿದೆ.

ದಂಗೆಯನ್ನು ಹೇಳಲು ಕನ್ನಡದಲ್ಲಿ ಇನ್ನೊಂದು ನುಡಿಗಟ್ಟಿದೆ: 'ತಿರುಗಿಬೀಳು'. ಒಂದೇ ಘಟನೆಯನ್ನು ಒಂದು ಪದ ಏರಿಕೆಯಾಗಿಯೂ ಇನ್ನೊಂದು ಬೀಳುವಿಕೆಯಾಗಿಯೂ ಕಾಣುವುದು ವಿಚಾರಾರ್ಹ. 'ತಿರುಗಿಬಿದ್ದನು' ಎನ್ನುವಾಗ ನಿರೂಪಕನು ಒಡೆಯನ ಪಕ್ಕದಲ್ಲಿ ನಿಂತಿರುತ್ತಾನೆ. ನಿನ್ನೆಯವರೆಗೆ ವಿಧೇಯನಾಗಿದ್ದವನು ಇಂದು ತನ್ನ ಮೇಲೆ ಬಿದ್ದನೆಂಬ ಭಾವ ಅಲ್ಲಿದೆ. 'ಎದ್ದನು' ಎನ್ನುವಾಗ ದೃಷ್ಟಿ ಕೆಳಗೆ ಅದುಮಲ್ಪಟ್ಟವನದು. ಇತಿಹಾಸಕಾರನು ಕ್ರಿಯಾಪದವನ್ನು ಆರಿಸುವಾಗಲೇ ಪಕ್ಷವನ್ನೂ ಆರಿಸಿರುತ್ತಾನೆ.

ನರಗುಂದ ಇದಕ್ಕೆ ನಿದರ್ಶನ. ಬಾಬಾಸಾಹೇಬನೆಂದು ಖ್ಯಾತನಾದ ಸಂಸ್ಥಾನಾಧಿಪತಿ ಭಾಸ್ಕರರಾವ್ ಭಾವೆಗೆ ದತ್ತಕದ ಅನುಮತಿಯನ್ನು ಬ್ರಿಟಿಷರು ನಿರಾಕರಿಸಿದರು. ನಿಶ್ಶಸ್ತ್ರೀಕರಣದ ಆಜ್ಞೆ ಅಸಮಾಧಾನವನ್ನು ಹೆಚ್ಚಿಸಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 2ರಂದು ಕೋಟೆ ಆಂಗ್ಲರ ವಶವಾಯಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಆ ಕಾಲದ ಘಟನೆಗಳಿಗೆಲ್ಲ ಆಂಗ್ಲರು 'ಮ್ಯುಟಿನಿ' ಎಂಬ ಒಂದೇ ಹೆಸರನ್ನು ರೂಢಿಸಿದರು. ಲ್ಯಾಟಿನ್ನಿನ ಚಲನಾರ್ಥಕ ಧಾತುವಿನಿಂದ ಬಂದ ಆ ಪದ ಕಾಲಕ್ರಮದಲ್ಲಿ ಸೈನಿಕನು ಮೇಲಧಿಕಾರಿಗೆ ತೋರುವ ಅವಿಧೇಯತೆ ಎಂಬ ಅರ್ಥಕ್ಕೆ ಸಂಕೋಚಗೊಂಡಿತ್ತು. ನರಗುಂದದ ಅಧಿಪತಿ ಕಂಪನಿಯ ಸಿಪಾಯಿಯಲ್ಲ. ಆ ಪದವನ್ನು ಒಪ್ಪಿದರೆ ಆಳ್ವಿಕೆಯ ನ್ಯಾಯಬದ್ಧತೆಯನ್ನೇ ಒಪ್ಪಿದಂತಾಗುತ್ತದೆ. 'ಸಿಪಾಯಿ ದಂಗೆ' ಎಂಬ ನಮ್ಮ ಅನುವಾದ ಈ ಭಾರವನ್ನು ಹೊತ್ತುಕೊಂಡೇ ಪಠ್ಯಗಳಿಗೆ ಬಂದಿತು.

1980ರ ಜುಲೈ 21ರಂದು ಅದೇ ಊರು ಮತ್ತೆ ಎದ್ದಿತು. ಈ ಸಲ ಎದ್ದವರು ರೈತರು. ಎದುರಿಗಿದ್ದುದು ಸ್ವತಂತ್ರ ಭಾರತದ ಸರ್ಕಾರ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ ಅದಕ್ಕೆ ಕಾರಣ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಏಳ್ಗೆಯ ಲೆಕ್ಕದಲ್ಲಿ ಕರ ಬಂದಾಗ ಏಳ್ಗೆಯ ಧಾತುವೇ ದಂಗೆಯ ಧಾತುವಾಯಿತು. ಗೋಲಿಬಾರಿನಲ್ಲಿ ರೈತರು ಬಲಿಯಾದರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ತೆತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಜನ್ಮತಾಳಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿದ್ದುದರಿಂದ 'ಬಂಡಾಯ' ಪದಕ್ಕೆ ಆಗ ಹೊಸ ಗೌರವವೂ ದೊರೆತಿತ್ತು. ಜನ ಈ ಘಟನೆಯನ್ನು 'ನರಗುಂದ ಬಂಡಾಯ' ಎಂದೇ ಕರೆದರು. 1858ರದಕ್ಕೂ ಅದೇ ಹೆಸರು ಸಲ್ಲುತ್ತದೆ.

ಒಂದೇ ಹೆಸರು ಎರಡಕ್ಕೂ ಸಂದರೂ ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಅರಸುತನದ ಹಕ್ಕು, ಎರಡನೆಯದರಲ್ಲಿ ನೇಗಿಲಿನ ಹಕ್ಕು. ಎರಡರಲ್ಲಿಯೂ ಸಾವು ಎರಡೂ ಕಡೆ ಸಂಭವಿಸಿದೆ. 'ಏಳು' ಎಂಬ ಧಾತು ಹಿಂಸೆಯನ್ನು ಸಮರ್ಥಿಸುವುದಿಲ್ಲ, ಮರೆಮಾಚುವುದೂ ಇಲ್ಲ. ಏಳುವುದಕ್ಕೆ ಮೊದಲು ಯಾರು ಕೆಳಗಿದ್ದರು, ಏಕೆ ಇದ್ದರು ಎಂಬ ಪ್ರಶ್ನೆಯನ್ನು ಮಾತ್ರ ಅದು ಓದುಗನ ಮುಂದಿಡುತ್ತದೆ. 'ತಿರುಗಿಬೀಳು' ಎಂಬ ನುಡಿ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಸಂಶೋಧಕರು ಆಧಾರಗಳನ್ನು ಅನುವಾದಿಸುವಾಗ ಈ ಭೇದವನ್ನು ಅವಶ್ಯವಾಗಿ ಗಮನಿಸಬೇಕು.