ನ್ಯೂಕಂಬ್ ಕುಂಭಶಾಲೆ: ಕಲಾಶಿಕ್ಷಣವೂ ಜೀವನೋಪಾಯವೂ

ವಿದ್ಯಾಶಾಲೆಗಳಲ್ಲಿ ಚಿತ್ರಲೇಖನವನ್ನೂ ಮಣ್ಣಿನ ಕೆಲಸವನ್ನೂ ಕಲಿಸುವುದು ಯಾತಕ್ಕಾಗಿ? ಕೈಗೆ ಒಂದು ಕಸಬನ್ನು ಒದಗಿಸುವುದಕ್ಕೋ, ಅಥವಾ ಕಣ್ಣಿಗೂ ಮನಸ್ಸಿಗೂ ಸಂಸ್ಕಾರವನ್ನು ಕೊಡುವುದಕ್ಕೋ? ಈ ಪ್ರಶ್ನೆಯು ಕಲಾಶಿಕ್ಷಣದ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿರುವುದು. ಎರಡು ಉದ್ದೇಶಗಳನ್ನೂ ಒಂದೇ ಸೂರಿನ ಕೆಳಗೆ ಸಾಧಿಸಲು ಯತ್ನಿಸಿದ ಒಂದು ಸಂಸ್ಥೆಯ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು. ಅದು ಅಮೆರಿಕದ ಲೂಯಿಸಿಯಾನ ಪ್ರಾಂತದ ನ್ಯೂ ಆರ್ಲಿಯನ್ಸ್ ನಗರದಲ್ಲಿದ್ದ ನ್ಯೂಕಂಬ್ ಮಹಿಳಾ ಕಾಲೇಜಿನ ಕುಂಭಶಾಲೆ.

ಇದರ ಮೂಲವನ್ನರಿಯಬೇಕಾದರೆ ಉತ್ತರದ ಮ್ಯಾಸಚೂಸೆಟ್ಸ್ ಪ್ರಾಂತದ ಕಡೆಗೆ ತಿರುಗಬೇಕು. ಅಲ್ಲಿಯ ಶಾಸನಸಭೆಯು 1870ರಲ್ಲಿ ಸಾರ್ವಜನಿಕ ಪಾಠಶಾಲೆಗಳಲ್ಲಿ ಚಿತ್ರಲೇಖನವನ್ನು ಕಡ್ಡಾಯ ಮಾಡಿತು. ಹತ್ತು ಸಾವಿರಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ಪಟ್ಟಣಗಳು ಹದಿನೈದು ವರ್ಷ ಮೀರಿದವರಿಗೆ ಕೈಗಾರಿಕೆಗೆ ಉಪಯುಕ್ತವಾದ ಚಿತ್ರಲೇಖನವನ್ನು ಉಚಿತವಾಗಿ ಕಲಿಸಬೇಕೆಂದೂ ವಿಧಿಸಿತು. ಮರುವರ್ಷ ಇಂಗ್ಲೆಂಡಿನಿಂದ ವಾಲ್ಟರ್ ಸ್ಮಿತ್ ಎಂಬಾತನು ಈ ಕಾರ್ಯದ ಮೇಲ್ವಿಚಾರಣೆಗೆ ಬಂದನು. 1873ರಲ್ಲಿ ಉಪಾಧ್ಯಾಯರನ್ನು ತರಬೇತು ಮಾಡುವ ಕಲಾಶಾಲೆಯೊಂದು ಬಾಸ್ಟನ್ನಿನಲ್ಲಿ ಸ್ಥಾಪಿತವಾಯಿತು. ನೆಯ್ಗೆ, ಪಾತ್ರೆ, ಲೋಹಕೆಲಸಗಳಲ್ಲಿ ಯೂರೋಪಿನ ಸರಕಿನೊಡನೆ ಸ್ಪರ್ಧಿಸುವುದೇ ಈ ಚಳವಳಿಯ ಉದ್ದೇಶವಾಗಿದ್ದಿತೆಂಬುದು ಸ್ಪಷ್ಟ. ಬಾಲಕರ ಕಲ್ಪನಾಶಕ್ತಿಯನ್ನು ಬೆಳೆಯಿಸಬೇಕೆಂಬ ವಿಚಾರವು ಇನ್ನೂ ಮುಂದೆ ಬಂದಿರಲಿಲ್ಲ.

ಈ ವಾತಾವರಣದಲ್ಲಿ ಬೆಳೆದ ವಿಲಿಯಂ ಮತ್ತು ಎಲ್ಸ್‌ವರ್ತ್ ವುಡ್‌ವರ್ಡ್ ಎಂಬ ಸಹೋದರರು 1884-85ರ ಹೊತ್ತಿಗೆ ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾನಿಲಯಕ್ಕೆ ಬಂದರು. ವಿಲಿಯಮನು ಊರಿನ ಜನರಿಗೆ ಉಚಿತ ಚಿತ್ರಲೇಖನ ತರಗತಿಗಳನ್ನು ನಡೆಯಿಸಿದನು. ಅಂತರ್ಯುದ್ಧದಿಂದ ದಕ್ಷಿಣ ಪ್ರಾಂತಗಳು ಬಡವಾಗಿದ್ದ ಕಾಲವದು. ಗೌರವಸ್ಥ ಮನೆತನದ ಸ್ತ್ರೀಯರೂ ಸಂಪಾದನೆಯ ಮಾರ್ಗವನ್ನು ಅರಸಬೇಕಾಗಿದ್ದಿತು. 1886ರಲ್ಲಿ ಜೋಸೆಫೀನ್ ನ್ಯೂಕಂಬ್ ಎಂಬ ಮಹಿಳೆಯು, ಹದಿನೈದನೆಯ ವಯಸ್ಸಿನಲ್ಲಿ ಮೃತಳಾದ ತನ್ನ ಮಗಳು ಸೋಫಿಯ ಸ್ಮಾರಕವಾಗಿ, ಈ ವಿಶ್ವವಿದ್ಯಾನಿಲಯಕ್ಕೆ ಸೇರಿದಂತೆ ಒಂದು ಮಹಿಳಾ ಕಾಲೇಜನ್ನು ಸ್ಥಾಪಿಸಿದಳು. ಎಲ್ಸ್‌ವರ್ತನು ಅದರ ಕಲಾಶಾಖೆಯ ಮುಖ್ಯಸ್ಥನಾದನು.

ಕಲಿತ ವಿದ್ಯೆಗೆ ಕಾರ್ಯಕ್ಷೇತ್ರವಿಲ್ಲದಿದ್ದರೆ ಅದು ವ್ಯರ್ಥವೆಂದು ಭಾವಿಸಿ ಆತನು 1895ರ ಸುಮಾರಿಗೆ ಕುಂಭಶಾಲೆಯನ್ನು ಆರಂಭಿಸಿದನು. ಪಾತ್ರೆಗಳ ಮೇಲಿನ ಚಿತ್ರಣವನ್ನು ಕಲಿಸಲು ಸಿನ್ಸಿನಾಟಿ ನಗರದಿಂದ ಮೇರಿ ಶೀರರ್ ಎಂಬಾಕೆಯು ಬಂದಳು. ತಿಗುರಿಯ ಮೇಲೆ ಪಾತ್ರೆಗಳನ್ನು ರೂಪಿಸುವ ಕೆಲಸವನ್ನು ಜೋಸೆಫ್ ಮೇಯರ್ ಎಂಬ ಕುಂಬಾರನು 1927ರ ವರೆಗೆ ನಡೆಯಿಸಿದನು. ವಿದ್ಯಾರ್ಥಿನಿಯರು ಹಸಿಪಾತ್ರೆಯ ಮೇಲೆ ರೇಖೆಗಳನ್ನು ಕೊರೆದು ಬಣ್ಣ ತುಂಬುತ್ತಿದ್ದರು. ಬಳಿಕ ಅದನ್ನು ಸುಟ್ಟು, ಗಾಜಿನ ಲೇಪವನ್ನು ಕೊಟ್ಟು, ಮತ್ತೆ ಆವಿಗೆಗೆ ಹಾಕಲಾಗುತ್ತಿತ್ತು. ತಿಗುರಿಯು ಪುರುಷನ ಪಾಲಿಗೂ ಕುಂಚವು ಸ್ತ್ರೀಯರ ಪಾಲಿಗೂ ಬಂದ ಈ ವಿಭಾಗವನ್ನು ವಾಚಕರು ಗಮನಿಸಬೇಕು. ಮಣ್ಣಿನ ವಿದ್ಯೆಯಲ್ಲಿ ಅರ್ಧಭಾಗವು ಹೀಗೆ ಮೊದಮೊದಲು ಶಿಷ್ಯೆಯರ ಕೈಗೆ ನಿಲುಕದೆ ಹೋಯಿತು.

ಶಾಲೆಯ ನಿಯಮಗಳಲ್ಲಿ ಎರಡು ಮುಖ್ಯವಾದುವು. ಅಲಂಕಾರವನ್ನು ಆ ನಾಡಿನ ಮರಗಿಡಗಳಿಂದಲೇ ತೆಗೆದುಕೊಳ್ಳಬೇಕು. ಯಾವ ಪಾತ್ರೆಯೂ ಮತ್ತೊಂದರ ಪ್ರತಿಯಾಗಬಾರದು. ಪ್ರತಿಯೊಂದರ ತಳದಲ್ಲಿ ಕಾಲೇಜಿನ ಮುದ್ರೆಯೊಡನೆ ಕುಂಬಾರನ ಮತ್ತು ಚಿತ್ರಕಾರ್ತಿಯ ಗುರುತುಗಳೂ ಇರುತ್ತಿದ್ದುವು. ಕಾರ್ಖಾನೆಯ ಕೆಲಸಗಾರರಿಗೆ ಅಪೂರ್ವವಾದ ಗೌರವವು ಇಲ್ಲಿ ಶಿಷ್ಯೆಯರಿಗೆ ಲಭಿಸಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಪಾತ್ರೆಗಳಿಗೆ ಕಂಚಿನ ಪದಕವು ದೊರೆಯಿತು.

ಆದರೆ ಮಾರಾಟದ ನ್ಯಾಯವೇ ಬೇರೆ. 1910ರಲ್ಲಿ ಪಾಲ್ ಕಾಕ್ಸ್ ಎಂಬ ಮೃತ್ತಿಕಾತಜ್ಞನು ಬಂದು ಹೊಳಪಿಲ್ಲದ ಮೃದುವಾದ ಲೇಪವನ್ನು ಬಳಕೆಗೆ ತಂದನು. ಆ ಮಂದಕಾಂತಿಯಲ್ಲಿ, ಪಾಚಿಯ ಜಟೆಗಳನ್ನು ಇಳಿಬಿಟ್ಟ ಓಕ್ ಮರ, ಅದರ ಹಿಂದೆ ಚಂದ್ರ—ಈ ಚಿತ್ರವು ಕೊಳ್ಳುವವರಿಗೆ ಬಹಳ ಪ್ರಿಯವಾಯಿತು. ಇದನ್ನು ಮೊದಲು ರಚಿಸಿದ ಕೀರ್ತಿಯು ಸೇಡೀ ಅರ್ವಿನ್ ಎಂಬಾಕೆಗೆ ಸಲ್ಲುತ್ತದೆ. ನೀಳವಾದ ಹೂದಾನಿಗೆ ಆ ಮರವು ಒಪ್ಪತಕ್ಕುದಲ್ಲವೆಂದೂ, ಒಂದನ್ನೇ ಪುನಃಪುನಃ ಬರೆದು ಬೇಸರವಾಯಿತೆಂದೂ ಆಕೆಯೇ ಮುಂದೆ ಬರೆದಿರುವಳು. ಎರಡು ಪಾತ್ರೆಗಳು ಒಂದೇ ಆಗಿರಬಾರದೆಂಬ ನಿಯಮವು ಅಕ್ಷರಶಃ ಉಳಿಯಿತು. ಅದರ ಜೀವವು ಸೊರಗಿತು. ಗಿಡವನ್ನು ಕಣ್ಣಾರೆ ಕಂಡು ಬರೆಯತಕ್ಕವಳು ಗಿರಾಕಿಯ ಅಪೇಕ್ಷೆಯನ್ನು ನೋಡಿ ಬರೆಯತೊಡಗಿದಳು.

ಎಲ್ಸ್‌ವರ್ತನು 1931ರಲ್ಲಿ ನಿವೃತ್ತನಾಗಿ 1939ರಲ್ಲಿ ತೀರಿಕೊಂಡನು. 1940ರಲ್ಲಿ ಕುಂಭಶಾಲೆಯು ಮುಚ್ಚಿತು. ಅಷ್ಟರೊಳಗೆ ಸುಮಾರು 90 ಮಂದಿ ಸ್ತ್ರೀಯರು ಸುಮಾರು 70,000 ಕೃತಿಗಳನ್ನು ರಚಿಸಿದ್ದರೆಂದು ಗಣನೆಯುಂಟು. ಟುಲೇನಿನ ಮಹಿಳಾ ಕಾಲೇಜೂ ಕತ್ರೀನಾ ಚಂಡಮಾರುತದ ತರುವಾಯ 2006ರಲ್ಲಿ ಪ್ರತ್ಯೇಕ ಕಾಲೇಜಾಗಿ ಉಳಿಯಲಿಲ್ಲ. ಇಂದು ಆ ಪಾತ್ರೆಗಳು ವಸ್ತುಸಂಗ್ರಹಾಲಯಗಳಲ್ಲಿವೆ.

ಇದರಿಂದ ಈ ಯತ್ನವು ನಿಷ್ಫಲವಾಯಿತೆಂದು ಹೇಳಬಹುದೇ? ಹಾಗೆಣಿಸುವುದು ಯುಕ್ತವಲ್ಲ. ಪಾತ್ರೆಗಳ ಲೆಕ್ಕದಲ್ಲಿ ಸೇರದ ಫಲವೊಂದುಂಟು. ಅಲ್ಲಿ ಕಲಿತವರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿ ದಕ್ಷಿಣದ ಪಾಠಶಾಲೆಗಳಿಗೆ ಹೋದರು. ಅರ್ವಿನಳೂ 1952ರ ವರೆಗೆ ನ್ಯೂಕಂಬಿನಲ್ಲಿಯೇ ಬೋಧಿಸಿದಳು. ಕಸಬು ಕಲಿಸಲು ಹುಟ್ಟಿದ ಶಾಲೆಯು ನೋಡುವುದನ್ನು ಕಲಿಸಬಲ್ಲವರನ್ನು ನಾಡಿಗೆ ಕೊಟ್ಟಿತು. ಕೈಗೂ ಮನಸ್ಸಿಗೂ ವಿರೋಧವಿಲ್ಲವೆಂಬುದಕ್ಕೆ ನ್ಯೂಕಂಬಿನ ಮೊದಲ ಹದಿನೈದು ವರ್ಷಗಳು ಸಾಕ್ಷಿ. ಶಿಷ್ಯರ ಅಭ್ಯಾಸವು ಪೇಟೆಯ ಬೇಡಿಕೆಗೆ ಅಧೀನವಾದಾಗ ಎರಡೂ ಕುಂದುವುವೆಂಬುದಕ್ಕೆ ಅನಂತರದ ಓಕ್ ಮರಗಳು ಸಾಕ್ಷಿ. ಪ್ರೌಢಶಾಲೆಗಳಲ್ಲಿ ತಿಗುರಿಯನ್ನೂ ಆವಿಗೆಯನ್ನೂ ಇರಿಸಬೇಕೆಂದು ಯೋಚಿಸುವವರು ಈ ಎರಡು ಸಾಕ್ಷ್ಯಗಳನ್ನೂ ತೂಗಿ ನೋಡುವುದು ಉಚಿತ.